ಪಿಯಾನೋ ಕಡೆಯಿಂದ ಎಲಾ ಫಿಟ್ಜೆರಾಲ್ಡ್ ಕೇಳುವುದು: ನನ್ನ ಅನುಭವ

1960ರ ಫೆಬ್ರುವರಿ 13ರಂದು ಬರ್ಲಿನ್ನಿನ ಡಾಯ್ಚ್‌ಲಾಂಡ್‌ಹಾಲೆಯಲ್ಲಿ ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ ಹಾಡಿದ ಕಛೇರಿಯ ರೆಕಾರ್ಡಿಂಗ್ ಹಾಕಿದರೆ ಕಿವಿ ತಾನಾಗಿ ದನಿಯ ಹಿಂದೆ ಹೋಗುತ್ತದೆ. ಮೊದಲ ಸಲ ಹೋಗಲಿ. ಆಮೇಲೆ ಕಿವಿ ಪಿಯಾನೋ ಹಿಡಿಯಬೇಕು. ಕರ್ನಾಟಕ ಸಂಗೀತದಲ್ಲಿ ಪಳಗಿದ ಕಿವಿಗೆ ಜಾಝ್‌ನಲ್ಲಿ ತೊಡಕಾಗುವುದು ದನಿಯಲ್ಲ, ಕೆಳಗೆ ಜರುಗುತ್ತಲೇ ಇರುವ ಶ್ರುತಿ. ಅದನ್ನು ಜರುಗಿಸುವವನು ಪಿಯಾನೋದ ಪಾಲ್ ಸ್ಮಿತ್. ಜೊತೆಗೆ ಗಿಟಾರ್‌ಗೆ ಜಿಮ್ ಹಾಲ್, ಬಾಸ್‌ಗೆ ವಿಲ್ಫ್ರೆಡ್ ಮಿಡಲ್‌ಬ್ರೂಕ್ಸ್, ಡ್ರಮ್ಸ್‌ಗೆ ಗಸ್ ಜಾನ್ಸನ್.

ಫೋನಿನ ಸ್ಪೀಕರ್‌ನಲ್ಲಿ ಕೇಳಿ ಪ್ರಯೋಜನವಿಲ್ಲ. ಡಬಲ್ ಬಾಸ್‌ನ ಕೆಳಗಿನ ತಂತಿ 41 ಹರ್ಟ್ಸ್ ಆಸುಪಾಸಿನದು. ಅಷ್ಟು ಮಂದ್ರ ಅಂಥ ಸ್ಪೀಕರ್‌ನಿಂದ ಹೊರಡುವುದೇ ಇಲ್ಲ. ಬಾಸ್ ಕೇಳದಿದ್ದರೆ ಎಣಿಕೆ ತಪ್ಪುತ್ತದೆ, ಎಣಿಕೆ ತಪ್ಪಿದರೆ ಮುಂದಿನದೆಲ್ಲ ಬರೀ ಗದ್ದಲ. ಸಾಧಾರಣ ಹೆಡ್‌ಫೋನ್ ಸಾಕು.

ಎಣಿಕೆ ಹೀಗೆ: ಬಾರ್‌ಗೆ ನಾಲ್ಕು ಎಣಿಕೆ, ಎರಡು ಬಾರ್ ಸೇರಿದರೆ ಆದಿತಾಳದ ಒಂದು ಆವರ್ತನ. ಈ ಕಛೇರಿಯ ‘ಮ್ಯಾಕ್ ದ ನೈಫ್’ 16 ಬಾರ್‌ಗಳ ಹಾಡು, ಅಂದರೆ 8 ಆವರ್ತನ ಮುಗಿದರೆ ಒಂದು ಸುತ್ತು. ಆದರೆ ಕೈಯಲ್ಲಿ ಆದಿತಾಳ ಹಾಕಬೇಡಿ. ಅದರ ಪೆಟ್ಟು 1, 5, 7ರ ಮೇಲೆ ಬೀಳುತ್ತದೆ. ಇಲ್ಲಿ ಡ್ರಮ್ಮರ್‌ನ ಕಾಲು ಹೈಹ್ಯಾಟ್ (ಜೋಡಿ ತಾಳದ ತಟ್ಟೆ) ಮುಚ್ಚುವುದು ಪ್ರತಿ ಬಾರ್‌ನ 2 ಮತ್ತು 4ರ ಮೇಲೆ. ಮನಸ್ಸಿನಲ್ಲಿ ಎಂಟು ಎಣಿಸಿ, ಚಿಟಿಕೆಯನ್ನು 2, 4, 6, 8ಕ್ಕೆ ಹೊಡೆಯಿರಿ. ಇನ್ನೊಂದು ಎಡವು ಎಡುಪಿನದು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗದ್ದು. ಹಾಡಿದ ಮೊದಲ ಪದವೇ ಸಮ (ಆವರ್ತನದ ಮೊದಲ ಎಣಿಕೆ) ಎಂದುಕೊಂಡರೆ ಕೆಟ್ಟಿತು. ಇಂಥ ಹಾಡುಗಳಲ್ಲಿ ಬಹುಪಾಲು ಅತೀತ ಎಡುಪು. ಇದೇ ಕಛೇರಿಯ ‘ಮಿಸ್ಟಿ’ಯಲ್ಲಿ ಮೊದಲ ಎರಡು ಪದ ಸಮಕ್ಕಿಂತ ಮುಂಚೆಯೇ ಬಂದು, ಮೂರನೆಯದು ಸಮದ ಮೇಲೆ ಕೂರುತ್ತದೆ.

ಈಗ ಶ್ರುತಿ. ಮೊಬೈಲಿನ ತಂಬೂರಿ ಆ್ಯಪ್ ತೆರೆದು, ‘ಮ್ಯಾಕ್ ದ ನೈಫ್’ನ ಮೊದಲ ಸುತ್ತಿಗೆ ಷಡ್ಜ (ಆಧಾರದ ‘ಸ’) ಹುಡುಕಿ ಹೊಂದಿಸಿ. ಹಳೆಯ ಟೇಪಿನ ಶ್ರುತಿ ಆ್ಯಪ್‌ಗೆ ಸರಿಯಾಗಿ ಕೂಡದಿದ್ದರೆ ಫೈನ್ ಟ್ಯೂನ್‌ನಲ್ಲಿ ಚೂರು ಸರಿಸಬೇಕು. ತಂಬೂರಿಯನ್ನು ಹಾಡಿಗಿಂತ ಸಣ್ಣಗೆ ಇಟ್ಟು ಎಣಿಸುತ್ತ ಹೋಗಿ. ಮುಂದೆ ಒಂದು ಸುತ್ತು ಶುರುವಾಗುತ್ತಲೇ ತಂಬೂರಿ ಕರ್ಕಶವಾಗುತ್ತದೆ. ಆ್ಯಪ್ ಕೆಟ್ಟಿಲ್ಲ, ಹಾಡು ಅರ್ಧ ಮನೆ, ಅಂದರೆ ಪಿಯಾನೋದ ಪಕ್ಕದ ಕೀಲಿಯಷ್ಟು, ಮೇಲೆ ಹೋಗಿದೆ. ಆ್ಯಪ್‌ನಲ್ಲೂ ಒಂದು ಮೆಟ್ಟಿಲು ಏರಿಸಿ (ಶ್ರುತಿಯ ಮನೆಗಳಲ್ಲಿ ಮೂರರಿಂದ ನಾಲ್ಕಕ್ಕೂ ಏಳರಿಂದ ಒಂದಕ್ಕೂ ನಡುವೆ ಅರ್ಧ ಮನೆ ಇಲ್ಲ, ನೆನಪಿರಲಿ). ಮತ್ತೆ ಏರುತ್ತದೆ, ಮತ್ತೆ ಸರಿಸಿ. ಹಿಂದಿನ ಸುತ್ತಿನ ಕೊನೆಯ ಬಾರ್‌ನಲ್ಲೇ ಪಿಯಾನೋ ಹೊಸ ಶ್ರುತಿಯ ದಾರಿ ತೋರಿಸುವುದು ಕೇಳಿಸತೊಡಗಿದರೆ ಆ್ಯಪ್ ಬೇಕಿಲ್ಲ.

ಎಲಾ ಸಾಹಿತ್ಯ ಮರೆತ ಜಾಗವೂ ಇದೇ ಹಾಡಿನಲ್ಲಿದೆ. ಎಲ್ಲರೂ ಅಲ್ಲಿ ಅವಳ ಚಾತುರ್ಯ ಮೆಚ್ಚುತ್ತಾರೆ: ಮುಂದಿನ ಸಾಲು ಗೊತ್ತಿಲ್ಲ ಎಂಬುದನ್ನೇ ಸಾಲು ಮಾಡಿ ಹಾಡುತ್ತಾಳೆ, ಇದೇ ಹಾಡನ್ನು ರೆಕಾರ್ಡ್ ಮಾಡಿದ್ದ ಬಾಬಿ ಡ್ಯಾರಿನ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರು ತರುತ್ತಾಳೆ, ಆರ್ಮ್‌ಸ್ಟ್ರಾಂಗ್‌ನ ಗೊಗ್ಗರು ಗಂಟಲನ್ನೂ ಅಣಕಿಸುತ್ತಾಳೆ. ನಾನು ಅಲ್ಲಿ ಬೇಕೆಂದೇ ದನಿ ಬಿಟ್ಟು ಬಾಸ್ ಮತ್ತು ಪಿಯಾನೋ ಹಿಡಿಯುತ್ತೇನೆ. ಏನೂ ಆಗಿಲ್ಲವೆಂಬಂತೆ 16 ಬಾರ್ ಸುತ್ತುತ್ತಲೇ ಇರುತ್ತದೆ. ಅವಳು ಆ ಕ್ಷಣ ಕಟ್ಟಿದ ಸಾಲುಗಳೂ ಅದೇ ಅಳತೆಗೆ ಕೂರುತ್ತವೆ. ಎಣಿಸುತ್ತಿದ್ದರಷ್ಟೇ ಇದು ತಿಳಿಯುತ್ತದೆ. ಇಲ್ಲದಿದ್ದರೆ ಬರೀ ತಮಾಷೆಯಾಗಿ ದಾಟಿಹೋಗುತ್ತದೆ.

ನಿಧಾನದ ಹಾಡಿನಲ್ಲಿ ಪಿಯಾನೋ ಹಿಡಿಯುವುದು ಸುಲಭ. ‘ಮಿಸ್ಟಿ’ 32 ಬಾರ್‌ನದು, ಎಂಟೆಂಟರ ನಾಲ್ಕು ಭಾಗ. ಮೂರನೆಯ ಭಾಗ ಮಾತ್ರ ಬೇರೆ ಧಾಟಿ. ದನಿ ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವ ಕಡೆ ಗಮನವಿಡಿ. ಪಿಯಾನೋ ಮಾತಾಡುವುದು ಅಲ್ಲಿ. ನಮ್ಮ ಪಿಟೀಲಿನವರು ಗಾಯಕರನ್ನು ಬೆನ್ನಟ್ಟಿ ನುಡಿಸುವಂತೆ ಇಲ್ಲಿ ನಿರೀಕ್ಷಿಸಬಾರದು. ಪಿಯಾನೋ ಹಾಡಿನ ಧಾಟಿಯನ್ನೇ ಮತ್ತೆ ನುಡಿಸಿದರೆ ದನಿಗೆ ಅಡ್ಡಬಂದಂತೆ.

ಇದೇ ಕಛೇರಿಯ ‘ಹೌ ಹೈ ದ ಮೂನ್’ ಕೊನೆಗಿಟ್ಟುಕೊಳ್ಳಿ, ಅದು ಕಷ್ಟದ್ದು. ಇದೂ 32 ಬಾರ್, 16 ಆವರ್ತನ. ಮೊದಲೆರಡು ಬಾರ್ ಕೇಳಿ ಶಂಕರಾಭರಣ ರಾಗ ಎಂದುಕೊಳ್ಳುತ್ತೀರಿ. ಮೂರನೆಯ ಬಾರ್‌ನಲ್ಲಿ ಗಾಂಧಾರ ಅರ್ಧ ಮನೆ ಇಳಿದು ಸಾಧಾರಣ ಗಾಂಧಾರವಾಗುತ್ತದೆ, ಐದನೆಯದರಲ್ಲಿ ಷಡ್ಜವೇ ಒಂದು ಮನೆ ಕೆಳಗಿಳಿದು ಕೈಶಿಕಿ ನಿಷಾದದ ಜಾಗದಲ್ಲಿ ಕೂರುತ್ತದೆ, ಒಂಬತ್ತನೆಯದರಲ್ಲಿ ಇನ್ನೊಂದು ಮನೆ ಇಳಿದು ಶುದ್ಧ ಧೈವತದ ಜಾಗಕ್ಕೆ. ಇದು ಗ್ರಹಭೇದವಲ್ಲ. ಗ್ರಹಭೇದದಲ್ಲಿ ಸ್ವರಗಳು ಇದ್ದಲ್ಲೇ ಇದ್ದು ಷಡ್ಜ ಮಾತ್ರ ಬದಲಾಗುತ್ತದೆ. ಇಲ್ಲಿ ಷಡ್ಜ ಸಂಸಾರ ಸಮೇತ ಮನೆ ಬದಲಿಸುತ್ತದೆ. ಹದಿಮೂರನೆಯ ಬಾರ್‌ಗೆ ಮೊದಲಿನ ಜಾಗಕ್ಕೇ ವಾಪಸು.

ಲಯ ದಿಢೀರನೆ ಏರಿ ಸ್ಕ್ಯಾಟ್ (ಅರ್ಥವಿಲ್ಲದ ಅಕ್ಷರಗಳಲ್ಲಿ ಆಶುವಾಗಿ ಹಾಡುವುದು) ಶುರುವಾದಾಗ ನಾಲ್ಕನ್ನೂ ಎಣಿಸಲು ಹೋದರೆ ನಾಲಿಗೆ ತೊಡರುತ್ತದೆ. ಬಾರ್‌ಗೆ ಒಂದೇ ಎಣಿಸಿ, ಎಂಟಾದಾಗ ಬೆರಳು ಮಡಚಿ; ನಾಲ್ಕು ಬೆರಳಿಗೆ ಒಂದು ಸುತ್ತು. ಸ್ಕ್ಯಾಟ್ ಅಕ್ಷರಗಳನ್ನು ಸ್ವರಕಲ್ಪನೆಯಂತೆ ಕೇಳಬಾರದು, ಅವು ಸ್ವರದ ಹೆಸರಲ್ಲ. ಕೊನ್ನಕ್ಕೋಲಿನ (ಬಾಯಲ್ಲಿ ಹೇಳುವ ಮೃದಂಗದ) ಸೊಲ್ಲುಗಳಿಗೆ ಶ್ರುತಿ ಕೊಟ್ಟಂತೆ ಎಂದರೆ ಹತ್ತಿರ. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್‌ನ ‘ಆರ್ನಿಥಾಲಜಿ’ಯನ್ನು ಮುಂಚೆಯೇ ಕೇಳಿಟ್ಟುಕೊಂಡರೆ ಒಳ್ಳೆಯದು. ಅದು ಇದೇ ಹಾಡಿನ ಸ್ವರಮೇಳಗಳ (ಕಾರ್ಡ್‌ಗಳ) ಮೇಲೆ ಕಟ್ಟಿದ ಬೇರೆ ಧಾಟಿ, ಎಲಾ ಅದನ್ನು ನಡುವೆ ಎಳೆದು ತರುವಾಗ ಕೆಳಗೆ ಪಿಯಾನೋ ದಾರಿ ಬದಲಿಸಬೇಕಾಗಿಯೇ ಇಲ್ಲ. ಹೀಗೆ ಹಾಡಿನ ಮೇಲೆ ಹಾಡು ತೇಲಿಬರುತ್ತವೆ. ಕೊನೆಯಲ್ಲಿ ‘ಸ್ಮೋಕ್ ಗೆಟ್ಸ್ ಇನ್ ಯುವರ್ ಐಸ್’ ಬಂದಾಗ ಎಲಾ ಪದ ಬದಲಿಸುತ್ತಾಳೆ: ಕಣ್ಣಿಗೆ ಇಳಿಯುವುದು ಹೊಗೆಯಲ್ಲ, ಬೆವರು.

ಇಷ್ಟು ಕೈಗೆ ಬಂದ ಮೇಲೆ 1950ರಲ್ಲಿ ಪಿಯಾನೋ ವಾದಕ ಎಲಿಸ್ ಲಾರ್ಕಿನ್ಸ್ ಜೊತೆ ಎಲಾ ಹಾಡಿದ, ಸಂಗೀತ ರಚನೆಕಾರ ಜಾರ್ಜ್ ಗರ್ಶ್ವಿನ್‌ನ ಹಾಡುಗಳನ್ನು ಹಾಕಿ. ಅದು ಸ್ಟುಡಿಯೋ ರೆಕಾರ್ಡಿಂಗ್, ಬಾಸೂ ಇಲ್ಲ, ಡ್ರಮ್ಸೂ ಇಲ್ಲ. ಎಣಿಕೆ ಸಿಗಬೇಕಾದರೆ ಪಿಯಾನೋದ ಎಡಗೈಯನ್ನೇ ಹಿಡಿಯಬೇಕು.