ಕಾರ್ಬನ್ ಶಾಫ್ಟಿನ ಕಚ್ಚು ತುಂಬಿಸಿದ ನನ್ನ ಅನುಭವ

ಪೂಲ್ ಆಟದ ಕೋಲಿನ (ಕ್ಯೂ) ಮುಂಭಾಗಕ್ಕೆ ಶಾಫ್ಟ್ ಅನ್ನುತ್ತಾರೆ. ನನ್ನದು ಕಾರ್ಬನ್ ಫೈಬರಿನದು. ಅದಕ್ಕೆ ಬಿದ್ದಿದ್ದ ಕಚ್ಚು ಅಕ್ಕಿಕಾಳಿನ ಅರ್ಧದಷ್ಟೂ ಇರಲಿಲ್ಲ. ಆದರೆ ಬಿದ್ದಿದ್ದ ಜಾಗ ಮಾತ್ರ ಸರಿಯಾಗಿ ಬ್ರಿಡ್ಜ್ ಕೈಯ (ಕ್ಯೂ ಮುಂಭಾಗಕ್ಕೆ ಆಸರೆ ಕೊಡುವ ಕೈ) ಬೆರಳು ಉಜ್ಜುವಲ್ಲಿ. ಪ್ರತಿ ಸ್ಟ್ರೋಕಿಗೂ ಟಕ್ ಅಂತ ಬೆರಳಿಗೆ ಸಿಗುತ್ತಿತ್ತು. ಒಂದು ಸಲ ಗಮನ ಅದರ ಮೇಲೆ ಹೋಯಿತೆಂದರೆ ಮುಗೀತು, ಚೆಂಡಿನ ಮೇಲೆ ಗಮನ ನಿಲ್ಲೋದಿಲ್ಲ.

ಮರದ ಶಾಫ್ಟಾಗಿದ್ದರೆ ಒದ್ದೆ ಬಟ್ಟೆ ಇಟ್ಟು ಬಿಸಿ ತಾಗಿಸಿದರೆ ಸಾಕು, ಒತ್ತಿದ ನಾರು ನೀರು ಕುಡಿದು ಮೇಲೆ ಬರುತ್ತದೆ. ಕಾರ್ಬನ್‌ಗೆ ಆ ಉಪಾಯ ನಡೆಯದು. ನಾರು ನೀರು ಹೀರುವುದಿಲ್ಲ, ಜಾಸ್ತಿ ಬಿಸಿ ಮಾಡಿದರೆ ನಾರನ್ನು ಹಿಡಿದಿಟ್ಟಿರುವ ಎಪಾಕ್ಸಿ ಅಂಟೇ ಮೆತ್ತಗಾಗುತ್ತದೆ. ಹಾಗಾಗಿ ಕಚ್ಚನ್ನು ಎಬ್ಬಿಸುವ ಮಾತಿಲ್ಲ, ತುಂಬಿಸಬೇಕು ಅಷ್ಟೆ.

ಅದಕ್ಕೂ ಮೊದಲು, ಪೆಟ್ಟು ಬರೀ ಮೇಲ್ಮೈದೋ ಅಥವಾ ಒಳಗೂ ಏನಾದರೂ ಆಗಿದೆಯೋ ನೋಡಿಕೊಂಡೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಬಿರುಕು ಇದ್ದರೆ ನೆರಳಲ್ಲಿ ಕಾಣುತ್ತದೆ. ಆಮೇಲೆ ಒಂದು ನಾಣ್ಯದಿಂದ ಶಾಫ್ಟಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬಂದೆ. ಕಚ್ಚಿನ ಹತ್ತಿರ ಮಾತ್ರ ಸದ್ದು ಮಂಕಾದರೆ ಒಳಗಿನ ಪದರ ಬಿಟ್ಟುಕೊಂಡಿರುವ ಸಾಧ್ಯತೆ ಇದೆ. ಉದ್ದಕ್ಕೆ ಓಡಿದ ಬಿರುಕು, ಒತ್ತಿದರೆ ಒಳಗೆ ಹೋಗುವ ಜಾಗ, ಎದ್ದು ನಿಂತ ನಾರು, ಇವುಗಳಲ್ಲಿ ಯಾವುದಿದ್ದರೂ ಅಂಟು ಹಚ್ಚಿ ಮುಚ್ಚಬಾರದು. ಅದು ಅಂದದ ರಿಪೇರಿ ಅಲ್ಲ, ಕ್ಯೂ ಕೆಲಸ ಗೊತ್ತಿರುವವರಿಗೆ ಕೊಡಬೇಕು. ನನ್ನದರಲ್ಲಿ ಸದ್ದು ಎಲ್ಲ ಕಡೆ ಒಂದೇ ಇತ್ತು.

ಕಚ್ಚಿನ ತಳ ಬೆಳ್ಳಗೆ ಕಾಣುತ್ತಿತ್ತು. ಆ ಎಪಾಕ್ಸಿ ನುಜ್ಜಾಗಿ ಸಣ್ಣ ಸಣ್ಣ ಸೀಳು ಬಿಟ್ಟಾಗ ಬೆಳಕು ಚದುರಿ ಹಾಗೆ ಕಾಣುತ್ತದೆ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ: ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಬಿಡಿ. ಒದ್ದೆಯಾದಾಗ ಬಿಳಿ ಮಾಯವಾದರೆ, ತೆಳ್ಳಗಿನ ಪಾರದರ್ಶಕ ಸೂಪರ್ ಗ್ಲೂ ಹಾಕಿದಾಗಲೂ ಬಹುಪಾಲು ಮಾಯವಾಗುತ್ತದೆ. ಹೋಗದಿದ್ದರೆ ರಬ್ಬರ್ ಬೆರೆಸಿದ ಕಪ್ಪು ಸೂಪರ್ ಗ್ಲೂ ಸಿಗುತ್ತದೆ, ಅದು ಒಳ್ಳೇದು. ಒಣಗೋಕೆ ಮಾತ್ರ ತಾಳ್ಮೆ ಬೇಕು. ಆಲ್ಕೋಹಾಲಿನಿಂದ ಹೇಗೂ ಸುತ್ತಲೂ ಒರೆಸಲೇಬೇಕು, ಕ್ಯೂ ತುದಿಗೆ ಹಚ್ಚುವ ಚಾಕಿನ ಪುಡಿ, ಕೈ ಜಿಡ್ಡು, ಹಿಂದೆ ಹಚ್ಚಿದ ಪಾಲಿಶ್ ಇದ್ದರೆ ಅಂಟು ಹಿಡಿಯೋದಿಲ್ಲ. ಅಸಿಟೋನ್ ಹತ್ತಿರ ನಾನು ಹೋಗಲಿಲ್ಲ. ಅದು ಗಟ್ಟಿಯಾದ ಸೂಪರ್ ಗ್ಲೂವನ್ನೂ ಕರಗಿಸುತ್ತದೆ, ಶಾಫ್ಟಿನ ಮೇಲಿನ ಕೋಟಿಂಗನ್ನೂ ಹಾಳುಮಾಡಬಹುದು.

ಶಾಫ್ಟ್ ಉರುಳದ ಹಾಗೆ ಕಚ್ಚು ಮೇಲ್ಮುಖ ಮಾಡಿ ಇಟ್ಟುಕೊಂಡೆ. ಮೊದಲ ಹನಿ ನೀರಿನಂಥ ತೆಳ್ಳಗಿನ ಗ್ಲೂ, ಟೂತ್‌ಪಿಕ್ ತುದಿಯಿಂದ. ಅದು ತಾನಾಗಿ ಸೀಳುಗಳೊಳಗೆ ಇಳಿಯುತ್ತದೆ. ಗುಂಡಿ ತುಂಬೋಕೆ ಸ್ವಲ್ಪ ಮಂದದ ಗ್ಲೂ, ತೆಳು ತೆಳು ಪದರವಾಗಿ, ಒಂದು ಒಣಗಿದ ಮೇಲೆ ಇನ್ನೊಂದು. ಬೇಗ ಒಣಗಿಸುವ ಸ್ಪ್ರೇ ಬೇಡ ಅಂತ ನನ್ನ ಅಭಿಪ್ರಾಯ. ಅದರಿಂದ ಗುಳ್ಳೆ ಏಳುತ್ತದೆ, ಬಿಳಿಚಿಕೊಳ್ಳುತ್ತದೆ. ಅಂಟು ಒಣಗುವಾಗ ಚೂರು ಕುಗ್ಗುವುದರಿಂದ ಕೊನೆಗೆ ಸುತ್ತಲಿಗಿಂತ ಸ್ವಲ್ಪ ಉಬ್ಬಿರುವಂತೆ ಬಿಟ್ಟು, ರಾತ್ರಿಯಿಡೀ ಮುಟ್ಟಲಿಲ್ಲ.

ಇಲ್ಲಿಯವರೆಗಿನದು ಯಾರಾದರೂ ಮಾಡುತ್ತಾರೆ. ಆ ಉಬ್ಬನ್ನು ಮಾತ್ರ ತೆಗೆದು, ಪಕ್ಕದ ಶಾಫ್ಟನ್ನು ಹಾಗೇ ಬಿಡೋದೇ ಕಷ್ಟ. ಪ್ರೆಡೇಟರ್ ಕಂಪನಿಯ ರೇವೊ ಕಾರ್ಬನ್ ಶಾಫ್ಟುಗಳು 11.8, 12.4, 12.9 ಮಿ.ಮೀ. ದಪ್ಪ ಅಂತ ಬರುತ್ತವೆ. ಅರ್ಧ ಮಿ.ಮೀ. ವ್ಯತ್ಯಾಸಕ್ಕೆ ಬೇರೆ ಶಾಫ್ಟನ್ನೇ ಮಾಡುತ್ತಾರೆ ಅಂದ ಮೇಲೆ, ಸ್ಯಾಂಡ್‌ಪೇಪರ್ ಹಿಡಿದು ಸುಮ್ನೆ ಉಜ್ಜುತ್ತಾ ಕೂತರೆ ಏನಾಗುತ್ತದೆ ಯೋಚಿಸಿ. ದುಂಡಗಿನ ಶಾಫ್ಟಿನಲ್ಲಿ ಒಂದು ಕಡೆ ಚಪ್ಪಟೆಯಾದರೆ ಕಚ್ಚಿಗಿಂತ ಅದೇ ಹೆಚ್ಚು ಕಾಡುತ್ತದೆ.

ಅದಕ್ಕೆ ನಾನು ಹೊಸ ಬ್ಲೇಡ್ ಬಳಸಿದೆ. ಉಬ್ಬಿನ ಎರಡೂ ಬದಿಗೆ ಶಾಫ್ಟಿನ ಸುತ್ತ ಸೆಲ್ಲೋಟೇಪ್ ಸುತ್ತಿ, ಬ್ಲೇಡಿನ ಎರಡು ತುದಿ ಟೇಪಿನ ಮೇಲೆ ಕೂರುವಂತೆ ನೆಟ್ಟಗೆ ಹಿಡಿದು ಕೆರೆದೆ. ಸಾಮಾನ್ಯ ಟೇಪ್ ಸುಮಾರು 0.05 ಮಿ.ಮೀ. ದಪ್ಪ. ಬ್ಲೇಡ್ ಅಷ್ಟು ಎತ್ತರದಲ್ಲೇ ನಿಲ್ಲುತ್ತದೆ, ಶಾಫ್ಟಿಗೆ ತಾಗೋದಿಲ್ಲ. ಉಳಿದ ಕೂದಲೆಳೆಯಷ್ಟು ಉಬ್ಬಿಗೆ, ಐಸ್‌ಕ್ರೀಮ್ ಕಡ್ಡಿಯ ತುಂಡಿಗೆ 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್, ನಂಬರ್ ಹೆಚ್ಚಿದಷ್ಟೂ ನಯ) ಅಂಟಿಸಿ, ನೀರು ಹಾಕಿ ಉಜ್ಜಿದೆ. ಬೆರಳಿನಿಂದ ಒತ್ತಿದರೆ ಪೇಪರ್ ಬಾಗಿ ಪಕ್ಕವನ್ನೂ ತಿನ್ನುತ್ತದೆ. ನೀರಿನ ಬಣ್ಣ ನೋಡುತ್ತಿರಬೇಕು: ಪಾರದರ್ಶಕ ಗ್ಲೂ ಸವೆದರೆ ಹಾಲಿನ ಬಣ್ಣ, ಕಪ್ಪಾಯಿತೆಂದರೆ ಕಾರ್ಬನ್ ಸವೆಯುತ್ತಿದೆ, ಅಲ್ಲಿಗೇ ನಿಲ್ಲಿಸಿ. ಕಪ್ಪು ಗ್ಲೂ ಹಾಕಿದ್ದರೆ ಈ ಸುಳಿವು ಸಿಗದು.

ಒಣದಾಗಿ ಉಜ್ಜಲೇಬೇಡಿ. ಕಾರ್ಬನ್ ಪುಡಿ ಚರ್ಮಕ್ಕೆ ಚುಚ್ಚುತ್ತದೆ, ಉಸಿರಿಗೂ ಒಳ್ಳೇದಲ್ಲ, ವಿದ್ಯುತ್ ಹರಿಸುವ ಪುಡಿ ಆದ್ದರಿಂದ ಕಂಪ್ಯೂಟರ್ ಪಕ್ಕ ಈ ಕೆಲಸ ಬೇಡ. ಗ್ಲೌಸ್, ಮಾಸ್ಕ್ ಇರಲಿ.

1500, 2000ಕ್ಕೆ ಹೋದಂತೆ ತುಂಬಿದ ಜಾಗ ಮಿರಮಿರ ಅನ್ನತೊಡಗಿತು. ನನ್ನ ಶಾಫ್ಟ್ ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಅದರ ಸಣ್ಣ ಗೆರೆಗಳು ಸುತ್ತಳತೆಯ ದಿಕ್ಕಿಗೆ ಇದ್ದವು. ಹಾಗಾಗಿ ಕೊನೆಗೆ 2000ದ ಒದ್ದೆ ಪೇಪರನ್ನು ಆ ದಿಕ್ಕಿಗೇ, ಭಾರ ಹಾಕದೆ, ಸುತ್ತಲೂ ಒಂದೆರಡು ಸಲ ಆಡಿಸಿದೆ. ಹೊಳಪಿನ ಕೋಟಿಂಗ್ ಇರುವ ಶಾಫ್ಟಾದರೆ ಇದರ ಬದಲು ಪಾಲಿಶಿಂಗ್ ಕಾಂಪೌಂಡ್ ಬೇಕು.

ಈಗ ಓರೆ ಬೆಳಕಲ್ಲಿ ಹುಡುಕಿದರೆ ಜಾಗ ಕಾಣುತ್ತದೆ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಿಗೋದಿಲ್ಲ. ನನಗೆ ಬೇಕಿದ್ದದ್ದು ಅಷ್ಟೇ. ಆಡುತ್ತಾ ಆಡುತ್ತಾ ತುಂಬಿದ ಜಾಗದ ಅಂಚಿನಲ್ಲಿ ನೀಲಿ ಚಾಕಿನ ಸಣ್ಣ ಉಂಗುರ ಕಾಣಿಸಿಕೊಂಡರೆ ಅಂಟು ಅಲ್ಲಿ ಬಿಡುತ್ತಿದೆ ಎಂದರ್ಥ. ಆಲ್ಕೋಹಾಲಿನಿಂದ ಒರೆಸಿ, ಒಣಗಿದ ಮೇಲೆ ತೆಳ್ಳಗಿನ ಗ್ಲೂ ಒಂದು ಹನಿ ಬಿಟ್ಟು, ಮತ್ತೆ ಟೇಪ್ ಸುತ್ತಿ ಬ್ಲೇಡ್ ಹಿಡಿಯಬೇಕು.