ಅಗೆಯುವ ಮೊದಲು: ನೆಲದಡಿಯ ಎಣ್ಣೆ ಪೈಪಿಗೆ ಜೆಸಿಬಿಯ ಬಕೆಟ್ ತಾಗದಂತೆ ನೋಡಿಕೊಳ್ಳುವುದು ಹೇಗೆ

ಪೆಟ್ರೋಲ್, ಡೀಸೆಲ್, ಕಚ್ಚಾ ತೈಲ, ದ್ರವವಾಗಿಸಿದ ಪ್ರೊಪೇನ್, ಅಮೋನಿಯ. ಇವೆಲ್ಲ ನೂರಾರು ಕಿಲೋಮೀಟರ್ ಸಾಗುವುದು ನೆಲದಡಿಯ ಉಕ್ಕಿನ ಪೈಪಿನಲ್ಲಿ, ಅದೂ ಭಾರಿ ಒತ್ತಡದಲ್ಲಿ. ಮೇಲಿಂದ ನೋಡಿದರೆ ಬರೀ ಹುಲ್ಲು ಕಾಣುತ್ತದೆ. ಬೇಲಿ ಕಂಬ ನೆಡುವವರು, ಚರಂಡಿ ತೋಡುವವರು, ಕೇಬಲ್ ಎಳೆಯುವವರು, ಯಾರು ಬೇಕಾದರೂ ಗೊತ್ತಿಲ್ಲದೆ ಅದಕ್ಕೆ ಪೆಟ್ಟು ಕೊಡಬಹುದು. ಎಲ್ಲರೂ ಹೆದರುವುದು ಪೈಪು ಒಡೆದು ಚಿಮ್ಮೀತು ಅಂತ. ನನ್ನನ್ನು ಕೇಳಿದರೆ, ಒಡೆಯದೆ ಬರೀ ಗೀರು ಬಿದ್ದು, ಯಾರಿಗೂ ಹೇಳದೆ ಮಣ್ಣು ಮುಚ್ಚಿಬಿಟ್ಟ ಪೈಪಿಗೆ ಜಾಸ್ತಿ ಹೆದರಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಕೆಲಸ, ಇಂಥಲ್ಲಿ ಅಗೆಯುತ್ತೇವೆ ಅಂತ ಫೋನ್ ಮಾಡಿ ತಿಳಿಸುವುದು. ಅಮೆರಿಕದಲ್ಲಿ ಇದಕ್ಕೆ 811 ಅಂತ ನಂಬರಿದೆ, 2007ರಿಂದ ಇಡೀ ದೇಶಕ್ಕೆ ಅದೊಂದೇ. ಭಾರತದಲ್ಲಿ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂತು. 811ಕ್ಕೆ ಕರೆ ಮಾಡಲು ದುಡ್ಡೇನೂ ಕೊಡಬೇಕಿಲ್ಲ, ಆದರೆ ಅಗೆಯಲು ಎರಡು ಮೂರು ಕೆಲಸದ ದಿನ ಇರುವಾಗಲೇ ಮಾಡಬೇಕು. ಎಷ್ಟು ದಿನ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅವರು ನಿಮ್ಮ ಕರೆಗೆ ಒಂದು ಟಿಕೆಟ್ (ದಾಖಲೆ ನಂಬರು) ಕೊಟ್ಟು, ಆ ಜಾಗದಲ್ಲಿ ಪೈಪು, ಕೇಬಲ್ ಇರುವ ಕಂಪನಿಗಳಿಗೆಲ್ಲ ಸುದ್ದಿ ಮುಟ್ಟಿಸುತ್ತಾರೆ. "ಒಂದು ಗಿಡ ನೆಡುವುದಕ್ಕೂ ಇಷ್ಟೆಲ್ಲ ಬೇಕಾ?" ಅಂತ ಕೇಳಬೇಡಿ. ಬೇಕು.

ಕಾಯುವ ದಿನಗಳಲ್ಲಿ ಸುಮ್ನೆ ಕೂರುವ ಬದಲು, ಎಲ್ಲಿಂದ ಎಲ್ಲಿಯವರೆಗೆ ಅಗೆಯುತ್ತೀರೋ ಅಷ್ಟಕ್ಕೆ ಬಿಳಿ ಬಣ್ಣದಲ್ಲಿ ಗೆರೆ ಹಾಕಿ, ಇಲ್ಲವೇ ಬಿಳಿ ಬಾವುಟ ಸಿಕ್ಕಿಸಿ. ಆ ಕಂಪನಿಗಳ ಪರವಾಗಿ ಪೈಪು, ಕೇಬಲ್ ಇರುವ ಕಡೆ ಬಣ್ಣದ ಗುರುತು ಹಾಕಲು ಬರುವವರಿಗೆ ಜಾಗ ಹುಡುಕುವ ತಲೆನೋವು ತಪ್ಪುತ್ತದೆ. ಅಮೆರಿಕದ ಪದ್ಧತಿಯಲ್ಲಿ ಹಳದಿ ಅಂದರೆ ಎಣ್ಣೆ ಅಥವಾ ಗ್ಯಾಸ್, ಕೆಂಪು ಕರೆಂಟು, ನೀಲಿ ಕುಡಿಯುವ ನೀರು, ಹಸಿರು ಒಳಚರಂಡಿ, ಕಿತ್ತಳೆ ಫೋನು ಮತ್ತು ಇಂಟರ್ನೆಟ್ ಕೇಬಲ್. ಪ್ರತಿ ಕಂಪನಿಯೂ ‘ಗುರುತು ಹಾಕಿದ್ದೇವೆ’ ಅಥವಾ ‘ಇಲ್ಲಿ ನಮ್ಮದೇನೂ ಇಲ್ಲ’ ಅಂತ ಉತ್ತರ ಕೊಟ್ಟಿದೆಯಾ ಅಂತ ಟಿಕೆಟ್ ಹಿಡಿದು ನೋಡಿ. ನೆಲದ ಮೇಲೆ ಬಣ್ಣ ಕಾಣಲಿಲ್ಲ ಅಂದರೆ ಪೈಪಿಲ್ಲ ಅಂತಲ್ಲ. ಯಾರೋ ಇನ್ನೂ ಬಂದೇ ಇಲ್ಲದಿರಬಹುದು. ಖಾಸಗಿ ಜಾಗದ ಮಾಲೀಕರೇ ಹಾಕಿಸಿಕೊಂಡ ಲೈನುಗಳನ್ನು ಸಾಮಾನ್ಯವಾಗಿ ಈ ವ್ಯವಸ್ಥೆಯಲ್ಲಿ ಗುರುತು ಹಾಕುವುದಿಲ್ಲ, ಅದನ್ನು ಮಾಲೀಕರ ಹತ್ತಿರವೇ ಕೇಳಬೇಕು.

ರಸ್ತೆ ಪಕ್ಕ, ಬೇಲಿ ಸಾಲಿನಲ್ಲಿ ಪೈಪ್‌ಲೈನ್ ಕಂಬಗಳು ಇರುತ್ತವೆ. ಒಳಗೇನು ಹರಿಯುತ್ತದೆ, ಯಾವ ಕಂಪನಿಯದ್ದು, ತುರ್ತಿಗೆ ಯಾವ ನಂಬರು ಅಂತ ಅದರ ಮೇಲೆ ಬರೆದಿರುತ್ತದೆ. ಆ ನಂಬರನ್ನು ಕೆಲಸ ಶುರುವಾಗುವ ಮೊದಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಆದರೆ ಕಂಬದಿಂದ ಕಂಬಕ್ಕೆ ಮನಸ್ಸಿನಲ್ಲೇ ದಾರ ಕಟ್ಟಿ ಪೈಪು ಇಲ್ಲೇ ಅಂತ ಲೆಕ್ಕ ಹಾಕಬೇಡಿ. ನಡುವೆ ಪೈಪು ಎಲ್ಲಿ ಬೇಕಾದರೂ ಬಾಗಿರಬಹುದು. ಎಷ್ಟು ಆಳದಲ್ಲಿದೆ ಅಂತ ಕಂಬ ಹೇಳುವುದೇ ಇಲ್ಲ. ಹಾಕುವಾಗ ಮೂರಡಿ ಮಣ್ಣು ಇದ್ದಿರಬಹುದು. ಆಮೇಲೆ ಮಳೆಗೆ ಕೊಚ್ಚಿ, ಯಾರೋ ನೆಲ ಸಮ ಮಾಡಿ, ಈಗ ಒಂದೇ ಅಡಿ ಉಳಿದಿರಬಹುದು.

ಬಣ್ಣದ ಗೆರೆಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 2004ರ ನವೆಂಬರ್ 9ರಂದು ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕ್‌ನಲ್ಲಿ ನೀರಿನ ಪೈಪು ಹಾಕಲು ಅಗೆಯುತ್ತಿದ್ದ ಮೆಷಿನ್ ಪೆಟ್ರೋಲ್ ಪೈಪಿಗೆ ತಾಗಿ ಬೆಂಕಿ ಹತ್ತಿತು, ಐದು ಕೆಲಸಗಾರರು ಸತ್ತರು. ಆ ಪೈಪು ಅಲ್ಲಿ ಪಕ್ಕಕ್ಕೆ ಬಾಗಿತ್ತು, ಬಾಗಿದ್ದನ್ನು ಗುರುತು ಮಾಡಿರಲಿಲ್ಲ.

ಹಾಗಾಗಿ ಪೈಪನ್ನು ಕಣ್ಣಾರೆ ನೋಡುವವರೆಗೆ ಜೆಸಿಬಿ ದೂರ ಇರಲಿ. ಪೈಪಿನ ಎರಡೂ ಅಂಚಿನಿಂದ ಆಚೆ ಒಂದಿಷ್ಟು ಅಗಲದ ಜಾಗವನ್ನು ಕೈಯಲ್ಲೇ ಅಗೆಯಬೇಕು ಅಂತ ನಿಯಮವಿದೆ. ಅಮೆರಿಕದ ಬಹಳ ರಾಜ್ಯಗಳಲ್ಲಿ ಅದು 18ರಿಂದ 24 ಇಂಚು, ಅಂದರೆ 45ರಿಂದ 60 ಸೆಂಟಿಮೀಟರ್. ಪೈಪ್‌ಲೈನ್ ಕಂಪನಿ ಇನ್ನೂ ಜಾಸ್ತಿ ಕೇಳಿದರೆ ಅದನ್ನೇ ಪಾಲಿಸಿ. ಕೈಯಲ್ಲಿ ಅಗೆಯುವುದು ಅಂದರೆ ಹಾರೆ ಎತ್ತಿ ಕುಕ್ಕುವುದಲ್ಲ. ಪಿಕಾಸಿಯನ್ನು ಆ ಕಡೆ ತರಲೇಬೇಡಿ. ಚೂಪು ಮೂತಿಯಿಲ್ಲದ ಸಲಿಕೆ ಹಿಡಿದು, ಓರೆಯಾಗಿ ಮಣ್ಣನ್ನು ಪದರ ಪದರವಾಗಿ ಕೆರೆದು ತೆಗೆಯಿರಿ, ಮೇಲಿಂದ ನೇರ ಚುಚ್ಚುವ ಬದಲು ಪಕ್ಕದಿಂದ ಬನ್ನಿ. ಗಟ್ಟಿ ಮಣ್ಣು ಹೋಗಿ ಮೆತ್ತಗಿನ ಮರಳು ಬಂತು, ಅಥವಾ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ ಕಂಡಿತು ಅಂದರೆ ಪೈಪು ಹತ್ತಿರದಲ್ಲೇ ಇದೆ. ನೀರು ಅಥವಾ ಗಾಳಿಯ ಒತ್ತಡದಲ್ಲಿ ಮಣ್ಣು ಸಡಿಲ ಮಾಡಿ ಹೀರಿಕೊಳ್ಳುವ ವ್ಯಾಕ್ಯೂಮ್ ಗಾಡಿ ಸಿಕ್ಕಿದರೆ ಕೆಲಸ ಬೇಗ ಆಗುತ್ತದೆ, ಆದರೆ ಎಷ್ಟು ಒತ್ತಡ ಇಡಬಹುದು ಅಂತ ಕಂಪನಿಯನ್ನು ಕೇಳಿಯೇ ಬಳಸಿ.

ಪೈಪು ಕಂಡ ಮೇಲೂ ಮೆಷಿನ್ ಪಕ್ಕದಲ್ಲಿ ಒಬ್ಬರು ನಿಂತು ನೋಡುತ್ತಲೇ ಇರಬೇಕು. ಅವರಿಗೆ ಬೇರೆ ಕೆಲಸ ಹಚ್ಚಬೇಡಿ. ಬಕೆಟ್ಟಿನ ಹಲ್ಲುಗಳ ಮೇಲೆ ಸಪಾಟು ಪಟ್ಟಿ ಹಾಕಿಸಿದರೆ ಒಳ್ಳೆಯದು. ನೆಲದಡಿ ಅಡ್ಡವಾಗಿ ಕೊರೆದುಕೊಂಡು ಹೋಗುವ ಡ್ರಿಲ್ಲಿಂಗ್ ಆದರೆ, ಪೈಪನ್ನು ದಾಟುವ ಜಾಗದಲ್ಲಿ ಮೊದಲೇ ಗುಂಡಿ ತೋಡಿ, ಡ್ರಿಲ್ಲಿನ ತಲೆ ಪೈಪಿಗೆ ತಾಗದೆ ದಾಟುವುದನ್ನು ನೋಡಿ. ಸ್ಕ್ರೀನ್ ಮೇಲಿನ ಅಂಕಿಯೊಂದನ್ನೇ ನಂಬಿ ಕೊರೆಯುವುದು ಹುಂಬತನ. ಮುಚ್ಚುವಾಗ ಕಲ್ಲು ಬೀಳದಂತೆ ಮೆತ್ತಗಿನ ಮಣ್ಣು ಹಾಕಿ, ಅದಕ್ಕೂ ಮೊದಲು ಕಂಪನಿಯವರು ಬಂದು ಪೈಪು ನೋಡಲಿ.

ಇನ್ನು ಗೀರಿನ ವಿಷಯ. ಪೈಪಿಗೆ ತುಕ್ಕು ಹಿಡಿಯದಂತೆ ಮೇಲೊಂದು ಲೇಪ ಇರುತ್ತದೆ, ಜತೆಗೆ ಸಣ್ಣ ಕರೆಂಟು ಹರಿಸಿ ತುಕ್ಕು ತಡೆಯುತ್ತಾರೆ. ಲೇಪ ಕಿತ್ತರೆ, ಆ ಕರೆಂಟಿನ ವ್ಯವಸ್ಥೆಗಾಗಿ ಪೈಪಿಗೆ ಬೆಸೆದ ಸಪೂರ ತಂತಿ ಹರಿದರೆ, ಅವತ್ತು ಏನೂ ಆಗುವುದಿಲ್ಲ. ತುಕ್ಕು ನಿಧಾನಕ್ಕೆ ತಿನ್ನುತ್ತದೆ. ಉಕ್ಕೇ ಜಜ್ಜಿದ್ದರೆ ಅಥವಾ ಕೆತ್ತಿದ್ದರೆ ಇನ್ನೂ ಕಷ್ಟ. ಪಂಪಿನ ಒತ್ತಡ ಏರಿಳಿದಾಗಲೆಲ್ಲ ಪೆಟ್ಟು ಬಿದ್ದ ಜಾಗದಲ್ಲೇ ಬಿರುಕು ಬೆಳೆಯುತ್ತದೆ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಗ್ಗಿದಲ್ಲೇ ತುಂಡಾಗುತ್ತದಲ್ಲ, ಹಾಗೆ. ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ 1994ರಲ್ಲಿ ನೀರು ಶುದ್ಧೀಕರಣ ಘಟಕದ ಕೆಲಸ ನಡೆಯುವಾಗ ಪೈಪಿಗೆ ಪೆಟ್ಟು ಬಿದ್ದಿತ್ತು. ಅದು ಒಡೆದದ್ದು 1999ರ ಜೂನ್ 10ರಂದು. ಸುಮಾರು 9 ಲಕ್ಷ ಲೀಟರ್ ಪೆಟ್ರೋಲ್ ಹೊಳೆಗೆ ಹರಿದು, ಬೆಂಕಿ ಹತ್ತಿ, ಹತ್ತು ವರ್ಷದ ಇಬ್ಬರು ಹುಡುಗರೂ ಹದಿನೆಂಟರ ಒಬ್ಬ ಯುವಕನೂ ತೀರಿಕೊಂಡರು. ಆ ಪೆಟ್ಟಿನ ಜತೆ ಬೇರೆ ಲೋಪಗಳೂ ಸೇರಿದ್ದವು, ನಿಜ. ಆದರೂ ಪೆಟ್ಟು ಬಿದ್ದ ದಿನವೇ ಒಂದು ಫೋನ್ ಹೋಗಿದ್ದರೆ ಪೈಪನ್ನು ರಿಪೇರಿ ಮಾಡಬಹುದಿತ್ತು, ಅಲ್ವಾ? ಉಗುರು ಸಿಕ್ಕುವಷ್ಟು ಗೀರು ಬಿದ್ದರೂ ಮುಚ್ಚಬೇಡಿ, ಕಂಪನಿಗೆ ಹೇಳಿ. ಬೈಗುಳ ತಿನ್ನಬೇಕಾದರೂ ಪರವಾಗಿಲ್ಲ.

ಸೋರಿಯೇ ಬಿಟ್ಟರೆ? ಮೆಷಿನ್ ತಕ್ಷಣ ಸುರಕ್ಷಿತವಾಗಿ ಆಫ್ ಆದರೆ ಮಾಡಿ, ಇಲ್ಲದಿದ್ದರೆ ಅಲ್ಲೇ ಬಿಟ್ಟು ಇಳಿಯಿರಿ. ನಿಂತಿರುವ ಗಾಡಿ ಸ್ಟಾರ್ಟ್ ಮಾಡಬೇಡಿ, ಬೀಡಿ ಸಿಗರೇಟು ಬೇಡ, ಅಲ್ಲೇ ನಿಂತು ಫೋನೂ ಬೇಡ. ಗಾಳಿ ಎಲ್ಲಿಂದ ಬೀಸುತ್ತಿದೆಯೋ ಆ ದಿಕ್ಕಿಗೆ, ಎತ್ತರದ ಕಡೆಗೆ ಎಲ್ಲರನ್ನೂ ಕರೆದುಕೊಂಡು ಹೋಗಿ. ಪೆಟ್ರೋಲ್, ಪ್ರೊಪೇನ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ, ಚರಂಡಿಯಲ್ಲಿ ಹೋಗಿ ಕೂರುತ್ತದೆ. ನೆಲದ ಮೇಲೆ ಬಿಳಿ ಮಂಜಿನ ಹಾಗೆ ಕಂಡರೆ ಅದರೊಳಗೆ ಕಾಲಿಡಬೇಡಿ. ವಾಲ್ವ್ ತಿರುಗಿಸಲು, ತೂತು ಮುಚ್ಚಲು, ಬೆಂಕಿ ಆರಿಸಲು ನೀವು ಹೋಗಬೇಡಿ. ದೂರ ಹೋದ ಮೇಲೆ ಮೊದಲು ತುರ್ತು ಸೇವೆಗೆ (ಅಮೆರಿಕದಲ್ಲಿ 911), ಆಮೇಲೆ ಕಂಬದ ಮೇಲಿದ್ದ ನಂಬರಿಗೆ ಕರೆ ಮಾಡಿ. ಜಾಗ ಯಾವುದು, ಕಂಬದ ಮೇಲೆ ಏನು ಬರೆದಿತ್ತು, ಗಾಳಿ ಯಾವ ಕಡೆಗೆ ಬೀಸುತ್ತಿದೆ, ಯಾರಿಗಾದರೂ ಪೆಟ್ಟಾಗಿದೆಯಾ, ಇಷ್ಟು ಹೇಳಿ. ಅವರು ಇಡು ಅನ್ನುವವರೆಗೆ ಫೋನ್ ಇಡಬೇಡಿ.