ಮುಂಬಯಿಯಲ್ಲಿ ಕಾರ್ಪೆಟ್ ತೊಳೆಯುವುದೆಂದರೆ ಒಣಗಿಸುವುದು

ಹದಿನಾರು ವರ್ಷದಿಂದ ಮುಂಬಯಿಯಲ್ಲಿ ಕಾರ್ಪೆಟ್ ಕ್ಲೀನಿಂಗ್ ಮಾಡುತ್ತಿದ್ದೇನೆ. ಮನೆ ಡೊಂಬಿವಲಿಯಲ್ಲಿ, ಕೆಲಸ ಹೆಚ್ಚಾಗಿ ದಾದರ್, ಮಾಟುಂಗಾ ಕಡೆ. ಫೋನ್ ಮಾಡಿದವರು ಮೊದಲು ಕೇಳುವುದು, "ಶಾಂಪೂ ಯಾವುದು ಹಾಕ್ತೀರಿ?" ಅಂತ. ಒಣಗಿಸುವುದು ಹೇಗೆ ಅಂತ ಕೇಳುವವರು ತುಂಬ ಕಡಿಮೆ. ಈ ಊರಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ನನಗೂ ಅದು ಗೊತ್ತಾದದ್ದು ಒಂದು ಕಾರ್ಪೆಟ್ ಕೆಡಿಸಿದ ಮೇಲೆ. ಸ್ವಂತ ಕೆಲಸ ಶುರು ಮಾಡಿದ ಎರಡನೇ ವರ್ಷ, ಜುಲೈ ತಿಂಗಳು. ಆರಡಿ ಅಗಲ, ಒಂಬತ್ತು ಅಡಿ ಉದ್ದದ, ಉತ್ತರ ಪ್ರದೇಶದ ಭದೋಹಿಯಲ್ಲಿ ನೇಯ್ದ ಉಣ್ಣೆ ಕಾರ್ಪೆಟ್. ಧಾರಾಳವಾಗಿ ನೀರು ಬಿಟ್ಟು ತೊಳೆದೆ. ಸಂಜೆ ಕೈಯಾಡಿಸಿದಾಗ ಒಣಗಿದ ಹಾಗೇ ಇತ್ತು. ಅಲ್ಲೇ ಹಾಸಿ ಬಂದೆ. ಮೂರನೇ ದಿನ ಅವರ ಫೋನ್ ಬಂತು. ಹೋದರೆ ಬಾಗಿಲಲ್ಲೇ ಮುಗ್ಗಲು ವಾಸನೆ. ಮಗುಚಿ ನೋಡಿದೆ, ಹಿಂದಿನ ಹತ್ತಿ ನೂಲು ಇನ್ನೂ ತಣ್ಣಗಿತ್ತು. ಕುಚ್ಚಿನ ಬುಡದ ಉದ್ದಕ್ಕೂ ಚಹಾ ಕಲೆಯಂಥ ಕಂದು ಗೆರೆ.

ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಒಳಗಿನ ಹತ್ತಿ ಮಾತ್ರ ನೀರು ಹಿಡಿದುಕೊಂಡೇ ಇರುತ್ತದೆ. ಆ ನೀರು ನಿಧಾನವಾಗಿ ಆರುತ್ತಾ ಮೇಲೆ ಬರುವಾಗ ತಳದ ಕೊಳೆಯನ್ನೂ ಎಳೆದು ತರುತ್ತದೆ. ಕಂದು ಗೆರೆ ಬಂದದ್ದು ಹೀಗೆ. ಪಡೆದ ಹಣ ವಾಪಸ್ ಕೊಟ್ಟೆ. ಆ ಗೆರೆ ತೆಗೆಯಲು ಇನ್ನೂ ಎರಡು ಸಲ ಹೋಗಬೇಕಾಯಿತು. ಆ ಮನೆಯ ಅಮ್ಮ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ಕಷ್ಟವಾಯಿತು.

ಈಗ ಯಾವ ಮನೆಗೆ ಹೋದರೂ ನೀರಿನ ಮಾತು ಕೊನೆಗೆ. ಮೊದಲು ಕಾರ್ಪೆಟ್ ಮಗುಚುತ್ತೇನೆ. ಹಿಂಭಾಗದಲ್ಲೂ ಚಿತ್ತಾರ ಸ್ಪಷ್ಟವಾಗಿ ಕಂಡರೆ ಹೆಚ್ಚಾಗಿ ಕೈಯಲ್ಲಿ ಗಂಟು ಹಾಕಿದ್ದು. ಹಿಂದೆ ಬಟ್ಟೆ ಅಂಟಿಸಿದ್ದರೆ ಸಾಮಾನ್ಯವಾಗಿ ಟಫ್ಟೆಡ್, ಅಂದರೆ ಗಂಟು ಹಾಕದೆ ಬಟ್ಟೆಗೆ ಎಳೆ ಚುಚ್ಚಿ ಮಾಡಿದ್ದು, ಒಳಗೆ ಲೇಟೆಕ್ಸ್ ಅಂಟು ಇರುತ್ತದೆ. ಹಳೆಯದಾದರೆ ಆ ಅಂಟು ಪುಡಿಪುಡಿಯಾಗಿ ನೆಲದ ಮೇಲೆ ಉದುರುತ್ತದೆ. ಅಂಥದ್ದಕ್ಕೆ ನೀರು ಹಾಕಿದರೆ ಬಾಳುವುದಿಲ್ಲ ಅಂತ ಮುಖಕ್ಕೇ ಹೇಳುತ್ತೇನೆ.

ಆಮೇಲೆ ಒಂದು ಎಳೆ ಕಿತ್ತು ಸುಡುತ್ತೇನೆ. ಕೂದಲು ಸುಟ್ಟ ವಾಸನೆ ಬಂದು ಕರಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ನೈಲಾನ್ ಥರದ್ದು. ಕಾಗದದ ಹಾಗೆ ಉರಿದು ಬೂದಿಯಾದರೆ ಹತ್ತಿ ಅಥವಾ ವಿಸ್ಕೋಸ್, ಅಂದರೆ ಮರದ ತಿರುಳಿನಿಂದ ಮಾಡುವ, ರೇಷ್ಮೆಯ ಹಾಗೆ ಹೊಳೆಯುವ ನೂಲು. ಮಿರಮಿರ ಮಿಂಚುವ ಕಾರ್ಪೆಟ್ ತೋರಿಸಿ "ಕಾಶ್ಮೀರಿ ರೇಷ್ಮೆ" ಅಂದವರ ಮನೆಯಲ್ಲಿ ಎಷ್ಟೋ ಸಲ ಕಾಗದದ ವಾಸನೆ ಬಂದಿದೆ. ಹೇಳಲು ಸಂಕಟವಾಗುತ್ತದೆ, ಆದರೂ ಹೇಳಲೇಬೇಕು. ವಿಸ್ಕೋಸ್ ಒದ್ದೆಯಾದರೆ ಅದರ ಬಲ ಹೋಗುತ್ತದೆ, ಹಳದಿಯಾಗಿ ನೆಲಕ್ಕೆ ಅಂಟಿದ ಹಾಗೆ ಮಲಗಿಬಿಡುತ್ತದೆ.

ಮೂರನೆಯದು ಧೂಳು. ನೆಲಕ್ಕೆ ಬಿಳಿ ಬೆಡ್‌ಶೀಟ್ ಹಾಸಿ, ಕಾರ್ಪೆಟ್ ಬೋರಲು ಹಾಕಿ, ಹಿಂದಿನಿಂದ ವ್ಯಾಕ್ಯೂಮ್ ಆಡಿಸಿ ತಟ್ಟುತ್ತೇನೆ. ಎತ್ತಿದರೆ ಬಿಳಿ ಬಟ್ಟೆಯ ಮೇಲೆ ಮುಷ್ಟಿಗಟ್ಟಲೆ ಮರಳು. ಪಕ್ಕದ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗಿದ್ದರಂತೂ ಸಿಮೆಂಟ್ ಧೂಳು ಬೇರೆ. ಆ ಮರಳನ್ನು ಬೆರಳಲ್ಲಿ ಉಜ್ಜಿ ನೋಡಿ, ಚುಚ್ಚುತ್ತದೆ. ನಾವು ಓಡಾಡಿದಾಗಲೆಲ್ಲ ಅದು ಎಳೆಯ ಬುಡವನ್ನು ಕೊಯ್ಯುತ್ತಾ ಇರುತ್ತದೆ. ಇದನ್ನು ತೆಗೆಯದೆ ನೀರು ಹಾಕಿದರೆ ಒಳಗೆಲ್ಲ ಕೆಸರಾಗುತ್ತದೆ, ಅಲ್ವಾ?

ಇಷ್ಟಾದ ಮೇಲೆ ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಉಣ್ಣೆಗೆ ಅಂತಲೇ ಬರುವ ಸೌಮ್ಯ ದ್ರಾವಣ, ಉಗುರುಬೆಚ್ಚಗಿನ ನೀರು. ಮೆಷೀನಿನಲ್ಲಿ ನೀರು ಬಿಡುವುದು ಒಂದು ಸಲವಾದರೆ ಎಳೆಯುವುದು ಮೂರು ಸಲ. ಬಟ್ಟೆ ಸೋಪಿನ ಪುಡಿ ಮಾತ್ರ ಬೇಡವೇ ಬೇಡ. ಅದರ ಕ್ಷಾರ ಉಣ್ಣೆಯನ್ನು ಒರಟು ಮಾಡುತ್ತದೆ, ಉಳಿದ ಸೋಪು ಧೂಳನ್ನು ಮತ್ತೆ ಹಿಡಿಯುತ್ತದೆ.

ಮಾಟುಂಗಾದಲ್ಲಿ ನಮ್ಮ ಕಡೆಯ ಅಜ್ಜಿಯೊಬ್ಬರಿದ್ದಾರೆ. ಸಂಕ್ರಾಂತಿಯ ಅರಿಶಿನ-ಕುಂಕುಮದ ದಿನ ಅರಿಶಿನದ ಬಟ್ಟಲು ಕಾರ್ಪೆಟ್ ಮೇಲೆ ಮಗುಚಿತ್ತು. "ನೋಡಪ್ಪಾ, ಸೋಪಿನ ಪುಡಿ ಹಾಕಿ ಉಜ್ಜಿದ್ರೆ ಅರಿಶಿನ ಹೋಗಿ ಕುಂಕುಮ ಆಗಿಬಿಡ್ತು" ಅಂದರು. ನಿಜ, ಅಂಗೈಯಗಲ ಕೆಂಪಗಿತ್ತು. "ಇದು ಅರಿಶಿನವೇ ಅಜ್ಜಿ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಕಲಸಿ ಓಕುಳಿ ಮಾಡ್ತೀರಲ್ಲ, ಸೋಪಿನ ಕ್ಷಾರದಿಂದ ಇಲ್ಲೂ ಅದೇ ಆಗಿದೆ" ಅಂದೆ. ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಬೆರೆಸಿ, ಬಟ್ಟೆ ಅದ್ದಿ ಒತ್ತುತ್ತಾ ಹೋದೆ. ಅಜ್ಜಿ ನೋಡುತ್ತಿದ್ದ ಹಾಗೆ ಕೆಂಪು ಹೋಗಿ ಹಳದಿ ಬಂತು. ಹಳದಿ ತೆಗೆಯುವುದು ಬಿಸಿಲಿನ ಕೆಲಸ. ಅರಿಶಿನದ ಬಣ್ಣ ಬೆಳಕಿಗೆ ಬಹಳ ಬೇಗ ಮಾಸುತ್ತದೆ. ಉಳಿದ ಭಾಗಕ್ಕೆ ಸೀರೆ ಮುಚ್ಚಿ, ಆ ಮೂಲೆಯನ್ನಷ್ಟೇ ಬಾಲ್ಕನಿಯ ಬೆಳಗಿನ ಬಿಸಿಲಿಗೆ ಇಟ್ಟರು. ನಾಲ್ಕನೇ ದಿನ ಫೋಟೋ ಕಳಿಸಿದರು, ಹುಡುಕಿದರೆ ಮಾತ್ರ ಕಾಣುವಷ್ಟಿತ್ತು.

ಇನ್ನು ಒಣಗಿಸುವುದು. ಮಳೆಗಾಲದಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಗಾಳಿ ಬರಲಿ ಅಂತ ಕಿಟಕಿ ತೆಗೆಯುವುದು. ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುವಾಗ ಅದು ಒಣಗಿಸುವುದಾದರೂ ಹೇಗೆ? ನಾನು ಕಿಟಕಿ ಮುಚ್ಚಿ, ಎಸಿಯನ್ನು ಗಾಳಿಯ ತೇವ ತೆಗೆಯುವ ಡ್ರೈ ಮೋಡ್‌ಗೆ ಹಾಕಿ, ಕಾರ್ಪೆಟ್ಟನ್ನು ಪ್ಲಾಸ್ಟಿಕ್ ಕ್ರೇಟ್‌ಗಳ ಮೇಲೆ ಎತ್ತಿ ಹರವಿ, ಕೆಳಗಿನಿಂದ ಬ್ಲೋವರ್ ಬಿಡುತ್ತೇನೆ. ಒಂದು ದಿನದೊಳಗೆ ಒಣಗಲೇಬೇಕು. ಒಣಗಿದೆಯಾ ಅಂತ ಕೈಯನ್ನು ನಂಬುವುದಿಲ್ಲ, ಹಿಂದಿನಿಂದ ತೇವ ಅಳೆಯುವ ಮೀಟರ್ ಚುಚ್ಚುತ್ತೇನೆ. ನಿಮ್ಮ ಹತ್ತಿರ ಮೀಟರ್ ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಕಾರ್ಪೆಟ್ ಮೇಲೆ ಹಾಸಿ, ಅಂಚಿಗೆ ಭಾರ ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಗೆ ಹನಿ ಕಂಡರೆ ಇನ್ನೂ ತೇವ ಇದೆ.

ಎಸಿ ಇಲ್ಲದ ಮನೆಯವರು ಜುಲೈನಲ್ಲಿ ಕರೆದರೆ ಬರುವುದಿಲ್ಲ ಅನ್ನುತ್ತೇನೆ. ನವೆಂಬರ್‌ವರೆಗೆ ವಾರಕ್ಕೆರಡು ಸಲ ಧೂಳು ತೆಗೆಯಿರಿ, ಚೆಲ್ಲಿದ್ದನ್ನು ಉಜ್ಜದೆ ಒತ್ತಿ ಹೀರಿಸಿ, ಸೋಫಾ ಸರಿಸಿ ಅಡಿಯಲ್ಲೂ ಗುಡಿಸಿ. ಉಣ್ಣೆ ತಿನ್ನುವ ಹುಳು ಇರುವುದು ಆ ಕತ್ತಲಲ್ಲೇ. ಎತ್ತಿಡುವುದಾದರೆ ಮಡಚಬೇಡಿ, ಸುತ್ತಿ. ಹೊರಗೆ ಹಳೆ ಕಾಟನ್ ಸೀರೆ ಸುತ್ತಿ, ಪ್ಲಾಸ್ಟಿಕ್ ಬೇಡ. ಮಳೆಗಾಲಕ್ಕೆ ನೆಲಕ್ಕೆ ಏನಾದರೂ ಬೇಕೇ ಬೇಕು ಅನ್ನುವವರಿಗೆ ನಮ್ಮ ನವಲಗುಂದದ ಜಮಖಾನೆ ಹಾಸಿ ಅನ್ನುತ್ತೇನೆ. ಬರೀ ಹತ್ತಿ, ತೆಳು, ಫ್ಯಾನಿಗೇ ಒಣಗುತ್ತದೆ. ನನ್ನ ಮನೆಯಲ್ಲಿ ಜೂನ್ ಬಂತೆಂದರೆ ಅದೇ.